ತಮ್ಮಾ, ಜರ್ಮನಿಗೆ ಬರೂಕಿಂತ ಮೊದಲ ಲ್ಯಾಪ್‌ಟಾಪಿನ್ಯಾಗಿನ ಟೊರೆಂಟ್ ತೆಗಿ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಬಾಗಲಕೋಟಿ ನವನಗರದಿಂದ ಅಕ್ಟೋಬರ್‌ಗೆ ಸ್ಟುಟ್‌ಗಾರ್ಟಿಗೆ ಮಾಸ್ಟರ್ಸ್ ಮಾಡಾಕ ಬರಾಕತ್ತಿ, ರೂಮು, ಊಟ, ಚಳಿ ಎಲ್ಲಾ ಕೇಳಿದಿ, ಕಡೀಕ ಒಂದ ಸಾಲು ಹಾಕಿದಿ, "ಅಣ್ಣಾ, ಅಲ್ಲೆ ಟೊರೆಂಟ್ ನಡಿತೈತೇನು, ವಿಪಿಎನ್ ಹಾಕಿದ್ರ ಸಾಕೇನು, ಎಲ್ಲಾರೂ ಮಾಡ್ತಾರಲ್ಲ, ಅದೇನ್ ತಪ್ಪಾ" ಅಂತ. ಟೊರೆಂಟ್ ಅಂದ್ರ ಸಿನಿಮಾ, ಪುಸ್ತಕ ಮಂದಿಯ ಕಂಪ್ಯೂಟರಿಂದ ತುಣುಕ ತುಣುಕಾಗಿ ಇಳಿಸ್ಕೊಳ್ಳೂ ದಾರಿ, ವಿಪಿಎನ್ ಅಂದ್ರ ಇಂಟರ್ನೆಟ್‌ನ್ಯಾಗ ನಮ್ಮ ಗುರ್ತು ಮರಿ ಮಾಡೂ ವ್ಯವಸ್ಥಾ. ಉಳಿದದ್ದಕ್ಕ ಉತ್ತರ ಕೊಡಾಕ ಭಾಳ ಮಂದಿ ಅದಾರ. ನಾ ಈ ಕಡೀ ಸಾಲಿಗೇ ಬರೀತೀನಿ, ಯಾಕಂದ್ರ 2011ರಾಗ ನಾ ಬಂದಾಗ ಇದನ್ನ ಯಾರೂ ನನಗ ಹೇಳಿರ್ಲಿಲ್ಲ, ಅದರ ಪೆಟ್ಟು ಬ್ಯಾರೆಯವರಿಗೆ ಬಿತ್ತು.

ಉಳಿದದ್ದು ಎರಡ ಮಾತಿನ್ಯಾಗ. ವೀಸಾಕ್ಕ ಬ್ಲಾಕ್ಡ್ ಅಕೌಂಟಿನ್ಯಾಗ ಅಂದ್ರ ತಿಂಗಳಿಗೆ ಇಷ್ಟ ಅಂತ ಮಾತ್ರ ರೊಕ್ಕ ತಗಿಯೂ ಖಾತ್ಯಾಗ 11,904 ಯೂರೋ ಇಡಬೇಕು, ತಿಂಗಳಿಗೆ 992 ಕೈಗೆ ಬರ್ತಾವ, ಅದರಾಗ ದೊಡ್ಡ ಪಾಲು ರೂಮ್ ಬಾಡಿಗಿಗೇ ಹೋಗ್ತೈತಿ, ಹಿಂಗಾಗಿ ಕುಕ್ಕರ್ ತಗೊಂಡ ಬಾ. ರೂಮಿಗೆ ಬಂದ ಎರಡ ವಾರದಾಗ ಆನ್‌ಮೆಲ್ಡುಂಗ್ ಅಂದ್ರ ವಿಳಾಸ ನೋಂದಣಿ ಮಾಡಸಬೇಕು. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟಗೊಂಡ ಬಾ. ತುಪ್ಪ, ಪೇಡೆ ಬ್ಯಾಡ, ಹಾಲಿನ ಪದಾರ್ಥ ಹೊರಗಿಂದ ತರೂಹಂಗಿಲ್ಲ.

ಈಗ ನನ್ನ ಕತಿ ಕೇಳು. 2012ರ ಚಳಿಗಾಲ, ಒಂದ ಫ್ಲ್ಯಾಟಿನ್ಯಾಗ ಮೂರ ಮಂದಿ ಇದ್ವಿ. ಜಮಖಂಡಿ ಕಡಿ ಅಣ್ಣ ಒಬ್ಬಾಂವ ನಮಗಿಂತ ಮೊದಲ ಬಂದಿದ್ದ, ಇಂಟರ್ನೆಟ್ ಕಾಂಟ್ರಾಕ್ಟ್ ಅವನ ಹೆಸರಿಲೆ ಇತ್ತು. ಒಂದ ಶನಿವಾರ ರಾತ್ರಿ ನಾ ಒಂದ ಇಂಗ್ಲಿಷ್ ಸಿನಿಮಾ ಟೊರೆಂಟಿಗೆ ಹಚ್ಚಿ ಮಲಗಿದೆ. ಬಾಗಲಕೋಟಿ ಹಾಸ್ಟೆಲ್‌ನ್ಯಾಗ ನಾಕ ವರ್ಷ ಅದ ಮಾಡಿದ್ದೆ, ಕೈ ತಾನ ಹೋತು. ಮರುದಿನ ಅರ್ಧಾ ತಾಸು ನೋಡಿ ಬ್ಯಾಸರಾಗಿ ಬಿಟ್ಟೆ, ಪೂರ್ತಿ ನೋಡ್ಲಿಲ್ಲ ಸೈತ. ತಿಂಗಳ ದಾಟಿದ ಮ್ಯಾಲ ಒಂದ ದಪ್ಪ ಲಕೋಟಿ ಬಂತು, ಒಂದ ವಕೀಲರ ಆಫೀಸಿಂದ, ಅಣ್ಣನ ಹೆಸರಿಗೆ. ಒಳಗ ಸಿನಿಮಾದ ಹೆಸರು, ತಾರೀಖು, ನಿಮಿಷ ಸೆಕೆಂಡ್ ಹಿಡದು ಟೈಮ್, ನಮ್ಮ ಇಂಟರ್ನೆಟ್ ಕನೆಕ್ಷನ್ನಿನ ಗುರ್ತು ಹಿಡಿಯೂ ಐಪಿ ನಂಬರ್, ಕಡೀಕ 850 ಯೂರೋ ಕೊಡ್ರಿ, ಇನ್ನ ಮುಂದ ಮಾಡೂದಿಲ್ಲಂತ ಸಹಿ ಮಾಡ್ರಿ ಅಂತ. ಅಣ್ಣಂದು ಮುಂದಿನ ತಿಂಗಳ ವೀಸಾ ರಿನ್ಯೂವಲ್ ಇತ್ತು. ಅಂವ ಪೊಲೀಸ್ ಕೇಸ್ ಆತು ಅಂತ ತಿಳಕೊಂಡು ಎರಡ ದಿನ ಊಟ ಬಿಟ್ಟ. ಮೊದಲನೇ ದಿನ ಸಂಜೀಕ ನಮ್ಮಿಬ್ಬರನ್ನೂ ಕುಂದ್ರಿಸಿ "ಯಾರಪಾ ಮಾಡಿದ್ದು" ಅಂತ ಕೇಳಿದ್ರ ನಾ ಸುಮ್ನ ಕುಂತೆ. ಆ ಒಂದ ರಾತ್ರಿ ನಾ ಸುಮ್ನ ಕುಂತಿದ್ದು ಇವತ್ತಿಗೂ ನೆನಪಾದ್ರ ಹೊಟ್ಟ್ಯಾಗ ಸಂಕಟ ಆಕ್ಕೈತಿ. ಮರುದಿನ ಹೇಳಿದೆ, ರೊಕ್ಕನೂ ನಾನ ಬೇಕರ್‍ಯಾಗ ಪಾರ್ಟ್ ಟೈಮ್ ಮಾಡಿ ನಾಕ ಕಂತಿನ್ಯಾಗ ಕೊಟ್ಟೆ, ಆದ್ರ ಆ ಕಾಗದದ ಮ್ಯಾಲಿನ ಸಹಿ ಅವನದ ಐತಿ. ಮಾಡದ ತಪ್ಪಿಗೆ ಅಂವ ಸಹಿ ಮಾಡಿದ.

ಈ ಪತ್ರಕ್ಕ ಇಲ್ಲೆ ಅಬ್‌ಮಾನುಂಗ್ ಅಂತಾರ, ಇದು ದಿನಾ ನಡಿಯೂ ವ್ಯವಹಾರ. ಹ್ಯಾಂಗ ಸಿಗಬೀಳ್ತಾರ ಅಂದ್ರ, ಟೊರೆಂಟ್‌ನ್ಯಾಗ ನೀ ಬರೇ ತಗೋಳಾಂಗಿಲ್ಲ, ನಿನಗ ಬಂದ ತುಣುಕನ್ನ ಅದ ಹೊತ್ತಿನ್ಯಾಗ ಬ್ಯಾರೆಯವರಿಗೆ ಹಂಚ್ತಿರ್ತಿ, ಸಿನಿಮಾದವರು ನೇಮಿಸಿದ ಕಂಪನಿನೂ ಆ ಗುಂಪಿನ್ಯಾಗ ಒಂದಾಗಿ ಕುಂತಿರ್ತೈತಿ, ನಿನ್ನ ಐಪಿ, ಟೈಮ್ ಬರಕೋತೈತಿ, ಆಮ್ಯಾಲ ಕೋರ್ಟಿಗೆ ಹೋಗಿ ಆದೇಶ ತಗೊಂಡು ಇಂಟರ್ನೆಟ್ ಕಂಪನಿಯಿಂದ ಕಾಂಟ್ರಾಕ್ಟ್ ಇದ್ದವರ ಹೆಸರು, ವಿಳಾಸ ತರಸ್ತಾರ. ಅಂದ್ರ ಕಾನೂನಿನ ಕಣ್ಣಿಗೆ ನೀ ನೋಡಿದಾಂವ ಅಲ್ಲ, ಹಂಚಿದಾಂವ. 2013ರಾಗ ಕಾಯ್ದೆ ತಂದು ಸಾದಾ ಮಂದಿಗೆ ಬರೂ ಮೊದಲನೇ ಪತ್ರದ ವಕೀಲರ ಫೀಗೆ ಮಿತಿ ಹಾಕ್ಯಾರ, ಆದ್ರ ನಷ್ಟ ಪರಿಹಾರ ಅನ್ನೂದು ಬ್ಯಾರೆ ಸೇರತೈತಿ, ಈಗೂ ನೂರಾರು ಯೂರೋ ಆಗೇ ಆಕ್ಕೈತಿ. ಮುಂದ ಯಾವಾಗರೆ ನಿಮ್ಮ ಫ್ಲ್ಯಾಟಿಗೆ ಇಂಥಾ ಪತ್ರ ಬಂದ್ರ ಹರದ ಒಗೀಬ್ಯಾಡ, ಹೆದರಿ ಒಳಗಿನ ಕಾಗದಕ್ಕ ಹಂಗ ಸಹಿನೂ ಮಾಡಬ್ಯಾಡ, ಆ ಸಹಿ ವರ್ಷಾನುಗಟ್ಲೆ ಬೆನ್ನ ಬಿಡೂದಿಲ್ಲ. ಫೆರ್‌ಬ್ರಾಉಖರ್‌ಸೆಂಟ್ರಾಲೆ ಅಂತ ಗ್ರಾಹಕರ ಸಲಹಾ ಕೇಂದ್ರ ಐತಿ, ಅಲ್ಲಿಗರೆ ವಕೀಲರ ಹಂತೇಕರೆ ಹೋಗು, ಪತ್ರದಾಗಿನ ಗಡುವು ದಾಟಬಾರದು.

ಟೊರೆಂಟ್ ಬಿಟ್ಟು ಆನ್‌ಲೈನ್ ಸೈಟಿನ್ಯಾಗ ನೋಡ್ತೀನಿ ಅಂತೀ ಏನು? 2017ರಾಗ ಯುರೋಪಿನ ಕೋರ್ಟು ಕದ್ದ ಮಾಲು ಅಂತ ಗೊತ್ತಿದ್ದೂ ಸ್ಟ್ರೀಮ್ ಮಾಡಿ ನೋಡೂದೂ ಕಾನೂನಿನ ರಕ್ಷಣೆಯೊಳಗ ಬರಾಂಗಿಲ್ಲ ಅಂತ ಹೇಳೇತಿ. ಕೀನೋ.ಟಿಒ ಅಂತ ಒಂದ ದೊಡ್ಡ ಸೈಟ್ ಇತ್ತು, ನಾ ಬಂದ ವರ್ಷನ ಪೊಲೀಸ್ರು ಬಂದ್ ಮಾಡಿದ್ರು, ನಡಸೂ ಮುಖ್ಯ ಮನಷ್ಯಾಗ ಮರುವರ್ಷ ನಾಕೂವರಿ ವರ್ಷ ಜೈಲಾತು. ನಮ್ಮ ದೇಶದಾಗೂ ಕಾಯ್ದೆ ಮೆತ್ತಗಿಲ್ಲ, 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಪ್ರಕಾರ ಥೇಟರ್‌ನ್ಯಾಗ ಕದ್ದು ರೆಕಾರ್ಡ್ ಮಾಡಿದ್ರ ಮೂರ ತಿಂಗಳಿಂದ ಮೂರ ವರ್ಷ ಜೈಲು, ಕಮ್ಮಿ ಅಂದ್ರ ಮೂರ ಲಕ್ಷ ದಂಡ.

ವಿಪಿಎನ್ ಹಾಕೂದು ಇಲ್ಲೆ ತಪ್ಪಲ್ಲ, ಯುನಿವರ್ಸಿಟಿನ ಒಂದ ವಿಪಿಎನ್ ಕೊಡ್ತೈತಿ. ಆದ್ರ ನೀ ಕೇಳಿದ್ದು ಎರಡ ಪ್ರಶ್ನೆ. ಸಿಗಬೀಳ್ತೀನೇನು ಅನ್ನೂದು ಒಂದು, ತಪ್ಪೇನು ಅನ್ನೂದು ಇನ್ನೊಂದು. ವಿಪಿಎನ್ ಮೊದಲನೇದಕ್ಕಷ್ಟ ಉತ್ತರ.

ಎರಡನೇದಕ್ಕ ನಾ ಬನಶಂಕರಿ ಜಾತ್ರಿಗೆ ಹೋಗಬೇಕು. ನಮ್ಮೂರು ಬಾದಾಮಿ ಹಂತೇಕ. ನಮ್ಮ ಸೋದರಮಾವ ಒಂದ ನಾಟಕ ಕಂಪನ್ಯಾಗ ಪೇಟಿ ಮಾಸ್ತರ ಇದ್ದ. ಬನದ ಹುಣ್ಣಿಮಿಗೆ ತೇರಾದ ಮ್ಯಾಲ ತಿಂಗಳಗಟ್ಲೆ ಅಲ್ಲೆ ಕಂಪನಿಗಳ ಟೆಂಟು ಇರ್ತಾವಲ್ಲ, ನಾವು ಹುಡುಗ್ರು ಕನಾತ, ಅಂದ್ರ ಟೆಂಟಿನ ಸುತ್ತಲಿನ ಬಟ್ಟಿ, ಎತ್ತಿ ಒಳಗ ನುಸೀತಿದ್ವಿ. ನಾವು ನುಸಿದ್ರ ಯಾರದೇನ ಹೋಗ್ತಿತ್ತು ಹೇಳು, ನಾಟಕ ಹೆಂಗೂ ನಡಿತಿತ್ತು, ಹಿಂದಿನ ಕುರ್ಚಿ ಖಾಲಿನ ಇರ್ತಿದ್ವು. "ಕಾಪಿ ಮಾಡಿದ್ರ ಮೂಲ ಅಲ್ಲೇ ಇರ್ತೈತಿ, ಯಾರದೇನೂ ಹೋಗೂದಿಲ್ಲ" ಅಂತ ನಿನ್ನ ಗೆಳ್ಯಾರು ಹೇಳೂದೂ ಇದ ಮಾತು. ಆದ್ರ ಮಾವನ ಪಗಾರ ಬರ್ತಿದ್ದದ್ದು ಗೇಟಿನ ಕಲೆಕ್ಷನ್ ಮ್ಯಾಲ. ಕಲೆಕ್ಷನ್ ಬೀಳಲಿಲ್ಲಂದ್ರ ಮಾಲಕರು ಅರ್ಧಾ ಕೊಟ್ಟು ಉಳಿದದ್ದು ನಾಳೆ ಅಂತಿದ್ರು, ಆ ನಾಳೆ ಒಮ್ಮೊಮ್ಮೆ ಮುಂದಿನ ಜಾತ್ರಿತನಕ ಹೋಗ್ತಿತ್ತು, ಅತ್ತಿ ಆ ತಿಂಗಳ ನಮ್ಮ ಮನಿಯಿಂದ ಜ್ವಾಳ ಒಯ್ತಿದ್ಲು. ಒಂದ ಸಲ ಮಾವ ನಮ್ಮನ್ನ ನೋಡಿಬಿಟ್ಟ. ಬಯ್ಲಿಲ್ಲ. "ಲೇ, ನನ್ನ ಕೇಳಿದ್ರ ಪಾಸ್ ಕೊಡಸ್ತಿದ್ನೆಲ್ಲೋ" ಅಂದ ಅಷ್ಟ.

ಆ ಪಾಸಿನ ಮಾತು ನನ್ನ ತಲ್ಯಾಗ ಉಳೀತು. ಫುಕಟ್ ನೋಡೂದ ತಪ್ಪು ಅಂತ ನಾ ಹೇಳಾಕತ್ತಿಲ್ಲ. ಕೊಡೂ ಹಕ್ಕಿದ್ದಾಂವ ಕೊಟ್ರ ಅದು ಪಾಸು, ಅಂವ ಕೊಡಲಾರದ ನಾವ ತಗೊಂಡ್ರ ಅದು ಕನಾತ. ಇಲ್ಲೆ ಪಾಸು ಎಷ್ಟ ಅದಾವ ಅಂದ್ರ ನೀ ನಂಬಾಂಗಿಲ್ಲ. ಯುನಿವರ್ಸಿಟಿ ಲೈಬ್ರರಿ ನೆಟ್‌ವರ್ಕಿಂದ ಸ್ಪ್ರಿಂಗರ್ ಅನ್ನೂ ಪ್ರಕಾಶಕರ ಸಾವಿರಾರು ಪುಸ್ತಕ ಪೂರ್ತಿ ಪಿಡಿಎಫ್ ಇಳಿಸ್ಕೋಬಹುದು, ಎಲ್ಲಾ ಸಕ್ರಮ. ಊರ ಲೈಬ್ರರಿ ಕಾರ್ಡ್ ಮಾಡಿಸಿದ್ರ ಇ-ಬುಕ್, ಡಿವಿಡಿ ಮನಿಗೆ ತರಬಹುದು. ಪ್ರತಿ ಮನಿಗೂ ತಿಂಗಳಿಗೆ 18.36 ಯೂರೋ ರೇಡಿಯೋ-ಟಿವಿ ಫೀ ಕಡ್ಡಾಯ, ಪತ್ರ ಬಂದ್ರ ಮೋಸ ಅಂತ ತಿಳಕೋಬ್ಯಾಡ, ಫ್ಲ್ಯಾಟಿನವರೆಲ್ಲಾ ಹಂಚಕೊಂಡ ಕಟ್ರಿ, ಆಮ್ಯಾಲ ಆ ಫೀ ಮ್ಯಾಲ ನಡಿಯೂ ಎಆರ್‌ಡಿ, ಝಡ್‌ಡಿಎಫ್ ಟಿವಿಗಳ ಆ್ಯಪಿನ್ಯಾಗ ಸಿನಿಮಾ ಸೀರಿಯಲ್ ಎಲ್ಲಾ ನೋಡಬಹುದು, ಜರ್ಮನ್ ಭಾಷಾನೂ ಬರ್ತೈತಿ.

ಹಾಸ್ಟೆಲ್ ದಿನದ ಬಗ್ಗೆ ನಾ ಸುಳ್ಳ ಹೇಳೂದಿಲ್ಲ. ಇಂಜಿನಿಯರಿಂಗ್ ಪುಸ್ತಕ ಒಂದೊಂದು ಅಪ್ಪನ ವಾರದ ಗಳಿಕಿ ಆಗ್ತಿತ್ತು, ನಾವು ಜೆರಾಕ್ಸ್ ಮಾಡಿಸಿ ಓದಿದ್ವಿ, ಅದನ್ನ ಕಳವು ಅಂತ ಕರಿಯಾಕ ನನಗ ಇವತ್ತಿಗೂ ಮನಸ್ಸ ಬರೂದಿಲ್ಲ. ದಿಲ್ಲಿ ಯುನಿವರ್ಸಿಟಿ ಜೆರಾಕ್ಸ್ ಅಂಗಡಿ ಮ್ಯಾಲ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥಾ ಪ್ರಕಾಶಕರು 2012ರಾಗ ಕೇಸ್ ಹಾಕಿದ್ರು, 2016ರಾಗ ಹೈಕೋರ್ಟ್ ಪಾಠಕ್ಕ ಬೇಕಾದ ಭಾಗ ಜೆರಾಕ್ಸ್ ಮಾಡಿ ಹುಡುಗ್ರಿಗೆ ಕೊಡೂದು ಕಾಪಿರೈಟ್ ಉಲ್ಲಂಘನೆ ಅಲ್ಲಂತ ಹೇಳ್ತು, ಮುಂದ ಪ್ರಕಾಶಕರೇ ಕೇಸ್ ಹಿಂದಕ್ಕ ತಗೊಂಡ್ರು. ಕಲಿಯೂದಕ್ಕ ಒಂದ ದಾರಿ ಬೇಕು ಅನ್ನೂದು ನ್ಯಾಯ ಅಂತ ನನಗ ಅನಸ್ತೈತಿ. ಆದ್ರ ಆ ನ್ಯಾಯಾನ ಸಿನಿಮಾಕ್ಕ ತಂದು ಹಚ್ಚಬ್ಯಾಡ, ಕೆಲಸ ಸಿಕ್ಕು ಯೂರೋದಾಗ ಪಗಾರ ಬರಾಕತ್ತಿದ ಮ್ಯಾಲಂತೂ ಹಚ್ಚಲೇಬ್ಯಾಡ. ನಾ ಇಲ್ಲೆ ಒಳ್ಳೆ ನೌಕರಿ ಇದ್ದು, ಕಾರ್ ಇದ್ದು, ಕನ್ನಡ ಸಿನಿಮಾ ಮಾತ್ರ ಟೆಲಿಗ್ರಾಂನ್ಯಾಗ ನೋಡವರನ್ನ ಕಂಡೀನಿ, ಅವರ ಮುಂದನ ಹೇಳೀನಿ, ಇದು ಸರಿ ಅಲ್ರಿ ಅಂತ. ಇಂಗ್ಲಿಷ್ ಸಿನಿಮಾಕ್ಕ ಜಗತ್ತ ತುಂಬ ರೊಕ್ಕ ಕೊಡವರು ಅದಾರ. ಕನ್ನಡಕ್ಕ ಯಾರದಾರ? ನಾವ. ಅದರಾಗ ಅರ್ಧಾ ಮಂದಿ ಕನಾತ ಎತ್ತಿದ್ರ ಗೇಟಿಗೆ ಏನ ಉಳೀತೈತಿ?

ಸಿನಿಮಾ ದೊಡ್ಡದಾತು, ನಮ್ಮ ಕಡಿ ಜನಪದ ಹಾಡೂ ಹುಡುಗ್ರನ್ನ ನೋಡು. ಮೊದಲ ಮೊಬೈಲ್ ಅಂಗಡ್ಯಾಗ ಹತ್ತಿಪ್ಪತ್ತ ರೂಪಾಯಿ ಕೊಟ್ಟು ಮೆಮೊರಿ ಕಾರ್ಡ್ ತುಂಬಸ್ತಿದ್ವಿ, ಅದರಾಗ ಅರ್ಧಾ ಇಂಥವರ ಹಾಡ, ಹಾಡಿದವರಿಗೆ ಒಂದ ರೂಪಾಯಿ ಮುಟ್ಟತಿರ್ಲಿಲ್ಲ, ಅಂಗಡ್ಯಾಂವಗ ಮುಟ್ಟತಿತ್ತು. ಈಗ ಅವರು ತಮ್ಮ ಚಾನೆಲ್‌ನ್ಯಾಗ ಹಾಕ್ತಾರ, ಕೇಳೂದು ಫುಕಟ್, ಜಾಹಿರಾತಿನ ರೊಕ್ಕ ಅವರಿಗೆ, ಅದೂ ಒಂಥರಾ ಪಾಸ್. ಅದನ್ನ ಇನ್ನೊಬ್ಬಾಂವ ಇಳಿಸ್ಕೊಂಡು ತನ್ನ ಚಾನೆಲ್‌ಗೆ ಏರಸಿದ್ರ ಆ ಜಾಹಿರಾತಿನ ರೊಕ್ಕನೂ ಅಂವಗ ಹೋಗ್ತೈತಿ. ಹಿಂಗಾಗಿ ನಾ ಹಾಡು ಕೇಳೂಮುಂದ ಹಾಡಿದವರ ಸ್ವಂತ ಚಾನೆಲ್ ಹುಡುಕಿ ಕೇಳ್ತೀನಿ, ಎರಡ ನಿಮಿಷದ ಕೆಲಸ, ನೀನೂ ಮಾಡು. ಇಲ್ಲೆ ಸಿಗಲಾರದ ಕನ್ನಡ ಸಿನಿಮಾ ಇದ್ರ? ಕಾಯ್ತೀನಿ. ಊರಿಗೆ ಹೋದಾಗ ನೋಡ್ತೀನಿ. ಕಷ್ಟ ಆಕ್ಕೈತಿ, ಸುಗ್ಗಿ ಮುಗದ ಮ್ಯಾಲ ಊಟಕ್ಕ ಕರದಂಗ ಅನಸ್ತೈತಿ, ಆದ್ರೂ ಕಾಯ್ತೀನಿ.

ರೂಮ್ ಫಿಕ್ಸ್ ಮಾಡೂಮುಂದ ಇಂಟರ್ನೆಟ್ ಯಾರ ಹೆಸರಿಲೆ ಐತಿ ಅಂತ ಕೇಳು. ಲ್ಯಾಪ್‌ಟಾಪಿನ್ಯಾಗ ಟೊರೆಂಟ್ ತಾನ ಚಾಲೂ ಆಗೂಹಂಗ ಸೆಟ್ಟಿಂಗ್ ಇರ್ತೈತಿ, ಹಳೇ ಫೈಲ್ ಹಂಚಾಕತ್ತಿದ್ರ ನಿನಗ ಗೊತ್ತ ಆಗೂದಿಲ್ಲ, ಅದಕ್ಕ ವಿಮಾನ ಹತ್ತೂಕಿಂತ ಮೊದಲ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ ಬಾ. ಇಲ್ಲೆ ಕನ್ನಡ ಸಿನಿಮಾ ಬಂದ್ರ ಶನಿವಾರ-ರವಿವಾರ ಒಂದ ಶೋ ಇರ್ತೈತಿ, ಒಮ್ಮೊಮ್ಮೆ ಮೂವತ್ತ ಮಂದಿನೂ ಇರೂದಿಲ್ಲ. ನೀ ಬಂದ ಮ್ಯಾಲ ಬರೂ ಮೊದಲನೇ ಸಿನಿಮಾಕ್ಕ ನಿನ್ನ ಟಿಕೆಟ್ ನಾ ತಗಸ್ತೀನಿ. ಜಮಖಂಡಿ ಅಣ್ಣನೂ ಬರ್ತಾನ, ಈಗೂ ಇಲ್ಲೇ ಅದಾನ.