200 ಕಿ.ಮೀ. ಬ್ರೆವೆಗೆ ಮುಂಚಿನ ಗುಂಪು ಸವಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಪುಣೆಯ ಧನಕವಡಿ ಕಡೆಯ ಒಂಬತ್ತು ಜನ ಕನ್ನಡಿಗರು. ಮುಂದಿನ ತಿಂಗಳು 200 ಕಿ.ಮೀ. ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹೆಸರು ಕೊಟ್ಟಿದ್ದೇವೆ. ಮೊದಲು ಎಲ್ಲರೂ ಸೇರಿ ಪಂಚಗಣಿಗೆ ಹೋಗಿ ಬರೋಣ ಎಂದಿದೆ. ಯಾವಾಗ ಹೋದರೆ ಒಳ್ಳೆಯದು? ಒಬ್ಬೊಬ್ಬರ ವೇಗ ಒಂದೊಂದು. ಗುಂಪು ಒಡೆಯದ ಹಾಗೆ ಹೇಗೆ ನೋಡಿಕೊಳ್ಳುವುದು?

ಉತ್ತರ: ಬ್ರೆವೆಗೆ ಎರಡು ವಾರ ಇರುವಾಗ ಹೋಗಿ. ಕೊನೆಯ ವಾರ ಹೋದರೆ ಕಾಲಿನ ದಣಿವು ಆರುವಷ್ಟರಲ್ಲಿ ಬ್ರೆವೆಯೇ ಬಂದಿರುತ್ತದೆ. ಪಂಚಗಣಿಗೆ ಹೋಗಿ ಬಂದರೆ ಹೆಚ್ಚುಕಡಿಮೆ 200 ಕಿ.ಮೀ. ಆಗುತ್ತದೆ, ನಡುವೆ ಕಾತ್ರಜ್, ಖಂಬಾಟ್ಕಿ, ಪಸರಣಿ ಮೂರು ಘಾಟ್ ಬೇರೆ. ಇದುವರೆಗೆ ನೂರರಾಚೆ ತುಳಿಯದವರು ನಿಮ್ಮಲ್ಲಿದ್ದರೆ ಪಸರಣಿ ಹತ್ತುವುದು ಬೇಡ, ವಾಯಿಯಿಂದಲೇ ತಿರುಗಿ. ಅಷ್ಟು ದೂರ ತುಳಿದವರಿಗೆ ಬ್ರೆವೆಯ ದಿನ ಉಳಿದದ್ದು ಕಷ್ಟವಾಗುವುದಿಲ್ಲ.

200ರ ಬ್ರೆವೆಗೆ ಇರುವ ಸಮಯ 13 ಗಂಟೆ 30 ನಿಮಿಷ. ತಿಂಡಿ, ಪಂಕ್ಚರ್, ನೆರಳಲ್ಲಿ ಕೂತದ್ದು ಎಲ್ಲವೂ ಅದರಲ್ಲೇ ಸೇರಿತು. ತುಳಿಯುವಾಗಿನ ಸರಾಸರಿ ವೇಗ ಗಂಟೆಗೆ 18 ಕಿ.ಮೀ. ಇದ್ದರೆ ಬರೀ ತುಳಿಯಲು 11 ಗಂಟೆ ಬೇಕು, ನಿಲ್ಲಲು ಉಳಿಯುವುದು ಎರಡೂವರೆ ಗಂಟೆಗೂ ಕಡಿಮೆ. ಒಂಬತ್ತು ಜನ ಶಿರವಳದ ಹೋಟೆಲಿಗೆ ನುಗ್ಗಿ ಮಿಸಳ್ ಹೇಳಿ ಕೂತರೆ ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ಬೆಳಿಗ್ಗೆ 6ಕ್ಕೆ ಹೊರಟವರು 100 ಕಿ.ಮೀ. ಕಂಟ್ರೋಲನ್ನು (ದಾರಿಯಲ್ಲಿ ಹಾಜರಿ ಹಾಕಿಸುವ ತಾಣ) 12.40ರೊಳಗೆ ಮುಟ್ಟಬೇಕು. ಹಾಗಾಗಿ ಈ ಸವಾರಿಯಲ್ಲಿ ವೇಗಕ್ಕಿಂತ ನಿಲುಗಡೆಯನ್ನು ಅಭ್ಯಾಸ ಮಾಡಿ: ತಿಂಡಿಗೆ 20 ನಿಮಿಷ, ಉಳಿದಲ್ಲೆಲ್ಲ 10. ಬಾಟಲಿ ತುಂಬಿಸುವವರು ಇಬ್ಬರು, ತಿಂಡಿ ಹೇಳುವವರು ಇಬ್ಬರು ಎಂದು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ.

ಇನ್ನು ಗುಂಪು. ಹೆದ್ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು, ಎಡ ಅಂಚಿನಲ್ಲಿ. ಗುಂಪಿನಲ್ಲಿ ತುಳಿದು ರೂಢಿಯಿಲ್ಲದವರು ಮುಂದಿನ ಸೈಕಲಿನಿಂದ ಒಂದು ಸೈಕಲಿನಷ್ಟು ಅಂತರ ಬಿಡಲಿ. ನಿಮ್ಮ ಮುಂದಿನ ಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ಬರಲೇಬಾರದು. ಅವರು ಗುಂಡಿ ತಪ್ಪಿಸಲು ಸ್ವಲ್ಪ ಸರಿದರೂ ಎರಡು ಚಕ್ರ ತಾಗುತ್ತವೆ. ಹ್ಯಾಂಡಲ್ ಸೆಳೆದು ಬೀಳುವವರು ಯಾವಾಗಲೂ ಹಿಂದಿನವರೇ, ಅವರ ಮೇಲೆ ಅವರ ಹಿಂದಿನವರು.

ಗುಂಪು ಒಡೆಯುವುದು ಬಹುಪಾಲು ಮುಂದಾಳು ಬದಲಾಗುವಾಗ. ಹೊಸದಾಗಿ ಮುಂದೆ ಬಂದವರು ಹುರುಪಿನಲ್ಲಿ ಎರಡು-ಮೂರು ಕಿ.ಮೀ. ವೇಗ ಏರಿಸುತ್ತಾರೆ, ಹಿಂದೆ ಸಂದು ಬೀಳುತ್ತದೆ. ಗಟ್ಟಿ ಕಾಲಿನವರು ಹೆಚ್ಚು ಹೊತ್ತು ಮುಂದಿರಲಿ, ಹೆಚ್ಚು ವೇಗವಾಗಿ ಅಲ್ಲ. ಎಲ್ಲರಿಗಿಂತ ನಿಧಾನದವರನ್ನು ಕೊನೆಗೆ ಹಾಕುವ ರೂಢಿ ಬಿಡಿ. ಮುಂದಿನವರು ಒಂದಿಷ್ಟು ಬ್ರೇಕ್ ಹಿಡಿದರೆ ಕೊನೆಯವರು ಪೂರ್ತಿ ನಿಂತು, ಮತ್ತೆ ಓಡಿ ಹಿಡಿಯಬೇಕಾಗುತ್ತದೆ. ಅವರ ಜಾಗ ಎರಡನೆಯದೋ ಮೂರನೆಯದೋ. ಕೊನೆಯಲ್ಲಿ ಗಟ್ಟಿಗರೊಬ್ಬರು ಪಂಪು, ಪಾನಾ, ಫೋನು ಇಟ್ಟುಕೊಂಡಿರಲಿ.

ಘಾಟ್ ಶುರುವಾದ ಮೇಲೆ ಈ ಸಾಲು ಬೇಡ. ಏರಿನ ಆ ನಿಧಾನದಲ್ಲಿ ಮುಂದಿನವರ ಮರೆಯಿಂದ ಗಾಳಿಯ ಲಾಭ ಅಷ್ಟೇನೂ ಸಿಗುವುದಿಲ್ಲ. ಇನ್ನೊಬ್ಬರ ವೇಗಕ್ಕೆ ಏರಿದವರು ಮಧ್ಯಾಹ್ನ ಕುಸಿಯುತ್ತಾರೆ. ಅವರವರ ಗೇರಿನಲ್ಲಿ ಹತ್ತಿ, ತುದಿಯಲ್ಲಿ ರಸ್ತೆಯಿಂದ ಪೂರ್ತಿ ಕೆಳಗಿಳಿದು ಕಾಯಿರಿ. ಇಳಿಯುವಾಗ ಐದಾರು ಸೈಕಲಿನಷ್ಟು ಅಂತರ ಇರಲಿ. ಬ್ರೇಕ್ ಅದುಮಿಯೇ ಇಟ್ಟುಕೊಳ್ಳಬೇಡಿ, ರಿಮ್ ಕಾಯುತ್ತದೆ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಸಡಿಲ ಬಿಡಿ.

ವಾಪಸು ಬರುವಾಗ ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ರಸ್ತೆ ಬೇಡವೇ ಬೇಡ. ಆ ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಲಾರಿಗಳಿಂದ ಮತ್ತೆಮತ್ತೆ ಅಪಘಾತಗಳಾಗಿವೆ. ದಣಿದ ಕಾಲಿಗೆ ಹಳೆಯ ಕಾತ್ರಜ್ ಘಾಟ್ ಭಾರವೇ, ಆದರೂ ಆ ದಾರಿಯಲ್ಲೇ ಬನ್ನಿ.

ಹಿಂದೆ ಕಾರು ತರುತ್ತೇವೆ ಎನ್ನುವವರಿಗೆ ಒಂದು ಮಾತು. ಬ್ರೆವೆಯಲ್ಲಿ ಹಿಂಬಾಲಿಸುವ ವಾಹನಕ್ಕೆ ಅವಕಾಶವಿಲ್ಲ, ಹೊರಗಿನ ನೆರವು ಸಿಗುವುದು ಕಂಟ್ರೋಲಿನಲ್ಲಿ ಮಾತ್ರ. ಕಾರಿನ ಭರವಸೆಯಲ್ಲಿ ಅಭ್ಯಾಸ ಮಾಡಿದವರಿಗೆ ತಮ್ಮ ಚೀಲದಲ್ಲಿ ಏನಿಲ್ಲ ಎಂಬುದು ಬ್ರೆವೆಯ ದಿನವೇ ಗೊತ್ತಾಗುತ್ತದೆ. ಕಾರು ಬೇಕೇ ಬೇಕಾದರೆ ವಾಯಿಯಲ್ಲಿ ನಿಂತಿರಲಿ.

ಪ್ರಶ್ನೆ: ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. 80 ಕಿ.ಮೀ. ದಾಟಿದರೆ ಹೊಟ್ಟೆ ತೊಳಸುತ್ತದೆ, ತಲೆ ನೋಯುತ್ತದೆ. ನೀರು ಬೇಕಾದಷ್ಟು ಕುಡಿಯುತ್ತೇನೆ. ಎನರ್ಜಿ ಜೆಲ್ ತಿಂದರೆ ವಾಂತಿ ಬಂದ ಹಾಗಾಗುತ್ತದೆ.

ಉತ್ತರ: 'ಬೇಕಾದಷ್ಟು ನೀರು' ಎಂಬಲ್ಲೇ ನಮಗೆ ಅನುಮಾನ. ಮುಂಬೈಯ ಸೆಕೆಯಲ್ಲಿ ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಸುರಿಯುತ್ತಾ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಮೊದಲ ಲಕ್ಷಣ ತಲೆನೋವು, ಹೊಟ್ಟೆ ತೊಳಸುವುದು. ಮಾತು ತೊದಲಿದರೆ, ಗಲಿಬಿಲಿಯಾದರೆ ಸವಾರಿ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಸವಾರಿಗೆ ಹೊರಡುವ ಮೊದಲು ಮತ್ತು ಬಂದ ಕೂಡಲೇ ತೂಕ ನೋಡಿ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ಕಡಿಮೆ ಕುಡಿದಿದ್ದೀರಿ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ. ಎರಡು ಬಾಟಲಿಯಲ್ಲಿ ಒಂದಕ್ಕೆ ಓಆರ್‌ಎಸ್ ಹಾಕಿ. ದೊಡ್ಡ ಪೊಟ್ಟಣ, ಅಂದರೆ ಸುಮಾರು 21 ಗ್ರಾಂನದು, ಪೂರಾ ಒಂದು ಲೀಟರ್ ನೀರಿಗೆ. 750 ಮಿ.ಲೀ. ಬಾಟಲಿಗೆ ಇಡೀ ಪೊಟ್ಟಣ ಸುರಿದರೆ ಗಟ್ಟಿಯಾಗಿ ಹೊಟ್ಟೆ ಇನ್ನಷ್ಟು ಕೆಡುತ್ತದೆ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಜೆಲ್ ಕೂಡ ಗಟ್ಟಿ ಸಕ್ಕರೆಯೇ, ಸಾಮಾನ್ಯವಾಗಿ ನಾಲ್ಕಾರು ಗುಟುಕು ಸಾದಾ ನೀರಿನ ಜೊತೆ ತಿನ್ನಬೇಕು, ಓಆರ್‌ಎಸ್ ಜೊತೆ ಅಲ್ಲ. ಒಗ್ಗದಿದ್ದರೆ ಬಿಟ್ಟುಬಿಡಿ. ಗಂಟೆಗೆ 40ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಸಾಕು: ಒಂದು ಬಾಳೆಹಣ್ಣಿನಲ್ಲಿ 25ರ ಹತ್ತಿರ, 20 ಗ್ರಾಂ ಬೆಲ್ಲದಲ್ಲಿ ಹೆಚ್ಚುಕಡಿಮೆ ಅಷ್ಟೂ ಸಕ್ಕರೆಯೇ. ಹಸಿವಾಗುವ ತನಕ ಕಾಯದೆ ಮೊದಲ ಮುಕ್ಕಾಲು ಗಂಟೆಯಲ್ಲೇ ಶುರುಮಾಡಿ. ದಾರಿಯ ವಡಾಪಾವ್, ಮನೆಯ ಶೇಂಗಾ ಹೋಳಿಗೆ ಎರಡರಲ್ಲೂ ಕೊಬ್ಬು ಹೆಚ್ಚು, ಹೊಟ್ಟೆಯಲ್ಲೇ ಕೂರುತ್ತವೆ. ಹೋಳಿಗೆ ಮನೆಗೆ ಬಂದ ಮೇಲೆ ತಿನ್ನಿ.

ಪ್ರಶ್ನೆ: ವಾಸ್ಕೋದಲ್ಲಿದ್ದೇನೆ. ಪ್ರತಿ ಉದ್ದ ಸವಾರಿಯಲ್ಲೂ ಹಿಂದಿನ ಚಕ್ರ ಎರಡು ಸಲ ಪಂಕ್ಚರ್. ಬ್ರೆವೆಗೆ ಹೊಸ ಟೈರ್ ಹಾಕಿಸಲೇ?

ಉತ್ತರ: ಮೊದಲು ತೂತು ನೋಡಿ. ಅಕ್ಕಪಕ್ಕ ಎರಡು ಸಣ್ಣ ಸೀಳಿದ್ದರೆ ಗಾಳಿ ಕಡಿಮೆ ಇತ್ತು, ಗುಂಡಿಯಲ್ಲಿ ಟ್ಯೂಬು ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿದೆ. 70 ಕಿಲೋದವರು 28 ಮಿ.ಮೀ. ಟೈರಿಗೆ ಹಿಂದೆ 75, ಮುಂದೆ 70 ಪಿಎಸ್‌ಐ ಆಸುಪಾಸು ಗಾಳಿ ಇಟ್ಟು ನೋಡಲಿ. ತೂತು ರಿಮ್ ಕಡೆಗಿದ್ದರೆ ರಿಮ್ ಟೇಪ್ (ಕಡ್ಡಿಗಳ ತೂತು ಮುಚ್ಚುವ ಪಟ್ಟಿ) ಸರಿದಿದೆ. ಹೊರಗಡೆ ಸೂಜಿಮೊನೆಯಷ್ಟೇ ಇದ್ದರೆ ಲಾರಿ ಟೈರ್ ಸಿಡಿದು ಬಿದ್ದ ತಂತಿಯ ಎಳೆ ನಿಮ್ಮ ಟೈರಿನಲ್ಲಿ ಇನ್ನೂ ಕೂತಿರಬಹುದು. ಟ್ಯೂಬು ಬದಲಿಸಿ ಎಳೆ ತೆಗೆಯದೆ ಹೋಗುವುದರಿಂದಲೇ ಎರಡನೆಯ ಪಂಕ್ಚರ್. ಟೈರಿನ ಒಳಗೆ ಬಟ್ಟೆಯ ಚೂರು ಸವರಿ, ಎಳೆ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಚಿಮ್ಮಟದಿಂದ ಕೀಳಿ.

ಟೈರ್ ನಡುವೆ ಚಪ್ಪಟೆಯಾಗಿದ್ದರೆ, ದಾರ ಕಾಣುತ್ತಿದ್ದರೆ ಬದಲಿಸಲೇಬೇಕು. ಚೈನೂ ಹಾಗೆಯೇ, 11 ಗೇರಿನದು 0.5 ಶೇಕಡಾ ಹಿಗ್ಗಿದರೆ ಹೊಸದು ಹಾಕಿ. ಎರಡನ್ನೂ ಅಭ್ಯಾಸ ಸವಾರಿಗೆ ಮೊದಲೇ ಮುಗಿಸಿ. ಹಳೆಯ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗುಚ್ಛ) ಮೇಲೆ ಹೊಸ ಚೈನು ಜಾರಿದರೆ ಆಗಲೇ ಗೊತ್ತಾಗಬೇಕು. ಗುಂಪಿನಲ್ಲಿ ಆಳವಾದ (ಡೀಪ್) ರಿಮ್ಮಿನವರಿದ್ದರೆ ಅವರ ಟ್ಯೂಬನ್ನು ಅವರೇ ತರಲಿ, 48 ಮಿ.ಮೀ. ವಾಲ್ವ್ ಅದರಿಂದ ಹೊರಗೆ ಬರದೇ ಹೋಗಬಹುದು.

ಪ್ರಶ್ನೆ: ನಾಲ್ಕು ಗಂಟೆ ಕಳೆದರೆ ಕಿರುಬೆರಳು ಜೋಮು ಹಿಡಿಯುತ್ತದೆ. ಗ್ಲೋವ್ಸ್ ಹಾಕುತ್ತೇನೆ. — ಠಾಣೆಯ ಓದುಗರು

ಉತ್ತರ: ಸೀಟಿನ ಮೂತಿ ಕೆಳಗೆ ಬಾಗಿದೆಯೇ ನೋಡಿ. ಬಾಗಿದ್ದರೆ ಮೈಭಾರ ಅಂಗೈ ಮೇಲೆ ಬಿದ್ದು ನರ ಒತ್ತುತ್ತದೆ. ಸೀಟನ್ನು ಮಟ್ಟಸ ಮಾಡಿ, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಮರುದಿನವೂ ಜೋಮು ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.