ಓದುಗರ ಪ್ರಶ್ನೆಗೆ ಉತ್ತರ: ಅವಕೆಂಪು ಕಿಟಕಿ, ಗುಮ್ಮಟಗಳ ಮೈ ಅಳತೆ

ಪ್ರಶ್ನೆ: ಜರ್ಮೇನಿಯಂ ಒಳಗೆ ಕೆಂಪು ಬೆಳಕು ಹಾಯುವುದೇ ಇಲ್ಲ. ಆದರೂ ಅದರ ಕಿಟಕಿಯನ್ನು (ಅವಕೆಂಪು ಕ್ಯಾಮೆರಾದಂಥ ಉಪಕರಣದ ಮುಂದೆ ಕೂರಿಸುವ ಫಲಕ) ಕೆಂಪು ಬೆಳಕಿನ ಹೀಲಿಯಂ-ನಿಯಾನ್ ಲೇಸರಿನ ಇಂಟರ್‌ಫೆರೊಮೀಟರಿನಲ್ಲಿ (ಎರಡು ಬೆಳಕುಗಳನ್ನು ಬೆರೆಸಿ ಮೈಯ ಏರಿಳಿತ ಅಳೆಯುವ ಉಪಕರಣ) ಅಳೆಯುತ್ತಾರಲ್ಲ, ಅದು ಸರಿಯೇ? – ಪೀಣ್ಯದ ಓದುಗರು

ಉತ್ತರ: ಮೈಯ ಆಕಾರವಷ್ಟೇ ಬೇಕಿದ್ದರೆ ಸರಿ. ಬೆಳಕು ಒಳಹೋಗಬೇಕಿಲ್ಲ, ಮೈಗೆ ತಾಗಿ ಮರಳಿದರೆ ಸಾಕು. ಫಿಜೋ ಮಾದರಿಯ ಉಪಕರಣದಲ್ಲಿ ಆಧಾರ ಫಲಕದ (ಹೋಲಿಕೆಗೆಂದು ಇಡುವ ನಿಖರ ಗಾಜು) ಕೊನೆಯ ಮೈಯಿಂದ ಶೇ 4ರಷ್ಟು, ಜರ್ಮೇನಿಯಂ ಮೈಯಿಂದ ಸುಮಾರು ಶೇ 50ರಷ್ಟು ಬೆಳಕು ವಾಪಸಾಗಿ, ಎರಡೂ ಸೇರಿ ಪಟ್ಟೆಗಳು ಮೂಡುತ್ತವೆ. ಒಂದು ಪಟ್ಟೆಗೂ ಮುಂದಿನದಕ್ಕೂ ಇರುವ ಏರಿಳಿತ 632.8 ನ್ಯಾನೊಮೀಟರಿನ ಅರ್ಧ, ಅಂದರೆ 0.316 ಮೈಕ್ರಾನ್. ಎರಡು ಬೆಳಕುಗಳ ಬಲ ಸಮವಲ್ಲದ್ದರಿಂದ ಪಟ್ಟೆಗಳು ಸ್ವಲ್ಪ ಮಂಕಾಗಿ ಕಾಣುತ್ತವೆ. ಅದಕ್ಕೆಂದು ಕ್ಯಾಮೆರಾದ ಗೇನ್ ಏರಿಸಬೇಡಿ. ಬಿಳಿ ಪಟ್ಟೆಗಳು ಸ್ಯಾಚುರೇಟ್ ಆಗಿ ಆ ಜಾಗದ ಮಾಹಿತಿಯೇ ಸಿಗುವುದಿಲ್ಲ. ಆಧಾರ ಫಲಕಕ್ಕೂ ಕಿಟಕಿಗೂ ನಡುವೆ ಶೇ 30ರಷ್ಟು ಬೆಳಕು ಬಿಡುವ ತೆಳು ಪೆಲ್ಲಿಕಲ್ (ಚೌಕಟ್ಟಿಗೆ ಬಿಗಿದ ಪೊರೆ) ಇಟ್ಟರೆ, ಎರಡು ಸಲ ಅದನ್ನು ಹಾದು ಬರುವ ಬೆಳಕು ಶೇ 4–5ಕ್ಕೆ ಇಳಿದು ಪಟ್ಟೆಗಳು ಸ್ಪಷ್ಟವಾಗುತ್ತವೆ. ಜರ್ಮೇನಿಯಂ ಅಪಾರದರ್ಶಕವಾಗಿರುವುದು ಇಲ್ಲಿ ಅನುಕೂಲವೇ: ಹಿಂಬದಿಯ ಮೈಯಿಂದ ಯಾವ ಬೆಳಕೂ ಬಂದು ಅಳತೆ ಕೆಡಿಸುವುದಿಲ್ಲ.

ಕಿಟಕಿಯನ್ನು ಮೂರು ದವಡೆಯ ಚಕ್‌ನಲ್ಲಿ ಬಿಗಿದರೆ ಮೈ ಮೂರು ಕಡೆ ಉಬ್ಬುತ್ತದೆ. ಅಂಚಿನ ಮೇಲೆ ನಿಲ್ಲಿಸಿ, ಅಗಲವಾದ ಪಟ್ಟಿಯ ಜೋಲಿಯಲ್ಲಿ ಕೂರಿಸಿ. ಒಮ್ಮೆ ಅಳೆದು, ಕಿಟಕಿಯನ್ನು 90 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ದೋಷದ ಚಿತ್ರ ಕಿಟಕಿಯ ಜೊತೆಗೇ ತಿರುಗಿದರೆ ಅದು ಕಿಟಕಿಯದು. ಇದ್ದಲ್ಲೇ ಇದ್ದರೆ ಹಿಡಿಕೆಯದು ಅಥವಾ ಉಪಕರಣದ್ದು. ಈ ಪರೀಕ್ಷೆ ಮಾಡದೆ ಮತ್ತೆ ಪಾಲಿಶ್‌ಗೆ ಇಳಿಯಬೇಡಿ.

ಡ್ರಾಯಿಂಗಿನಲ್ಲಿ ಬರೀ ‘1 ಫ್ರಿಂಜ್’ (ಒಂದು ಪಟ್ಟೆ) ಎಂದಿದ್ದರೆ ಯಾವ ತರಂಗಾಂತರದಲ್ಲಿ ಎಂದು ಕೇಳಿ ಬರೆಸಿಕೊಳ್ಳಿ. 633 ನ್ಯಾನೊಮೀಟರಿನ ಫ್ರಿಂಜ್ 0.316 ಮೈಕ್ರಾನ್, 10.6 ಮೈಕ್ರಾನಿನ ಫ್ರಿಂಜ್ 5.3 ಮೈಕ್ರಾನ್. ಹದಿನಾರು ಪಟ್ಟಿಗೂ ಮೀರಿದ ವ್ಯತ್ಯಾಸ ಇದು.

ಪ್ರಶ್ನೆ: ಎರಡೂ ಮೈಗಳ ವರದಿ ಪಾಸಾಗಿದೆ. ಆದರೂ ಗ್ರಾಹಕರು 10.6 ಮೈಕ್ರಾನಿನ ಅವಕೆಂಪು ಬೆಳಕನ್ನು ಹಾಯಿಸಿ ನೋಡಿ ಜರ್ಮೇನಿಯಂ ಕಿಟಕಿಯನ್ನು ತಿರಸ್ಕರಿಸಿದ್ದಾರೆ. ಹೀಗೇಕೆ?

ಉತ್ತರ: ಮೈ ಬೇರೆ, ಹಾದುಬರುವ ಅಲೆ ಬೇರೆ. ದಪ್ಪ ಒಂದೆಡೆ ಹೆಚ್ಚಾದರೆ ಅಲೆ ಹಿಂದೆ ಬೀಳುವುದು ವಕ್ರೀಭವನ ಸೂಚ್ಯಂಕದಲ್ಲಿ 1 ಕಳೆದು, ದಪ್ಪದ ವ್ಯತ್ಯಾಸದಿಂದ ಗುಣಿಸಿದಷ್ಟು. ಗಾಜಿಗೆ ಆ ಅಂಕಿ 0.5, ಜರ್ಮೇನಿಯಂಗೆ 3. ಒಂದು ಮೈಯಲ್ಲಿ 0.316 ಮೈಕ್ರಾನ್ ದೋಷವಿದ್ದರೆ ಹಾದುಬಂದ ಅಲೆಯಲ್ಲಿ 0.95 ಮೈಕ್ರಾನ್ ಆಗುತ್ತದೆ. 10.6 ಮೈಕ್ರಾನಿಗೆ ಅದು ಹನ್ನೊಂದರಲ್ಲಿ ಒಂದು ಪಾಲು, 4 ಮೈಕ್ರಾನಿನ ಕ್ಯಾಮೆರಾಗೆ ಕಾಲು ಪಾಲು. ಇಡೀ ಕಿಟಕಿ ಒಂದೇ ಕಡೆಗೆ ಸಮನಾಗಿ ಬಾಗಿದ್ದರೆ ಮೈ ವರದಿ ಕೆಟ್ಟದಾಗಿದ್ದರೂ ಹಾದುಬಂದ ಅಲೆ ಹೆಚ್ಚುಕಮ್ಮಿ ಸರಿಯಾಗಿಯೇ ಇರುತ್ತದೆ.

ನಿಮ್ಮ ವಿಷಯದಲ್ಲಿ ಮೊದಲು ಅನುಮಾನಿಸಬೇಕಾದದ್ದು ಶಾಖ. ಜರ್ಮೇನಿಯಂನ ಸೂಚ್ಯಂಕ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.0004ರಷ್ಟು ಏರುತ್ತದೆ. 10 ಮಿಲಿಮೀಟರ್ ದಪ್ಪದ ಕಿಟಕಿಯಲ್ಲಿ ನಡುವಿಗೂ ಅಂಚಿಗೂ 1 ಡಿಗ್ರಿ ವ್ಯತ್ಯಾಸವಿದ್ದರೆ 4 ಮೈಕ್ರಾನಿಗೂ ಹೆಚ್ಚು ದೋಷ ಕಾಣುತ್ತದೆ. ಕೈಯಲ್ಲಿ ಹಿಡಿದದ್ದು, ಆಗಷ್ಟೇ ಅಸಿಟೋನಿನಲ್ಲಿ ಒರೆಸಿದ್ದು, ಎಸಿ ಗಾಳಿ ನೇರವಾಗಿ ಬಡಿದದ್ದು, ಎಲ್ಲವೂ ಇದಕ್ಕೆ ಸಾಕು. ಇದೇ ಒಂದು ಡಿಗ್ರಿ ಮೈ ವರದಿಯಲ್ಲಿ ಬಹುತೇಕ ಕಾಣಿಸುವುದೇ ಇಲ್ಲ, ಏಕೆಂದರೆ ಲೋಹದಂಥ ಆ ಮೈ ಹಿಗ್ಗುವುದು ಬಹಳ ಕಡಿಮೆ. ಕಿಟಕಿಯನ್ನು ಸ್ಟ್ಯಾಂಡಿನಲ್ಲಿಟ್ಟು ಮುಚ್ಚಿ, ಕೆಲವು ಗಂಟೆ ಬಿಡಿ. ಹದಿನೈದು ನಿಮಿಷದ ಅಂತರದಲ್ಲಿ ತೆಗೆದ ಎರಡು ಅಳತೆ ಹೊಂದಿದ ಮೇಲೆಯೇ ಅಂಕಿಯನ್ನು ಬರೆದುಕೊಳ್ಳಿ. ಆಗಲೂ ದೋಷ ಉಳಿದರೆ ದಪ್ಪದ ವ್ಯತ್ಯಾಸ ನೋಡಿ, ಅದೂ ಸರಿಯಿದ್ದರೆ ಹರಳಿನೊಳಗಿನ ಸೂಚ್ಯಂಕದ ಏರುಪೇರು.

ಪ್ರಶ್ನೆ: ಜಿಂಕ್ ಸೆಲೆನೈಡ್ ಕಿಟಕಿಯಲ್ಲಿ ಪಟ್ಟೆಗಳ ಮೇಲೆ ಇನ್ನೊಂದು ಜೊತೆ ಪಟ್ಟೆ ಬಿದ್ದು ಗೋಜಲಾಗುತ್ತದೆ. ಟೆಸ್ಟ್ ಪ್ಲೇಟ್ (ಮೈಗೆ ತಾಗಿಸಿ ಪಟ್ಟೆ ನೋಡುವ ನಿಖರ ಗಾಜು) ಇಟ್ಟೇ ನೋಡಿಬಿಡಬಹುದೇ?

ಉತ್ತರ: ಟೆಸ್ಟ್ ಪ್ಲೇಟ್ ಬೇಡ. ಸೆಲೆನೈಡ್ ಗಾಜಿಗಿಂತ ಬಹಳ ಮೆದು, ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಗೀರು ಬೀಳುತ್ತದೆ. ಗೋಜಲಿಗೆ ಕಾರಣ ಹಿಂಬದಿಯ ಮೈಯಿಂದ ಮರಳುವ ಶೇ 20ರಷ್ಟು ಬೆಳಕು. ಕೋಟಿಂಗ್ ಇನ್ನೂ ಆಗಿಲ್ಲದಿದ್ದರೆ ಹಿಂಬದಿಗೆ ವ್ಯಾಸಲೀನ್ ಸವರಿ, ಬೆರಳ ತುದಿಯಿಂದ ತಟ್ಟಿ ವ್ಯಾಸಲೀನಿನ ಮೈಯನ್ನು ಒರಟು ಮಾಡಿ. ಬೆಳಕು ಚದುರಿ ಎರಡನೆಯ ಪಟ್ಟೆಗಳು ಮಾಸುತ್ತವೆ. ತರಂಗಾಂತರ ಬದಲಿಸುವ ಲೇಸರಿನ ಉಪಕರಣ ಸಿಕ್ಕರೆ ಅದು ಎರಡು ಮೈಗಳನ್ನೂ ಲೆಕ್ಕದಲ್ಲೇ ಬೇರ್ಪಡಿಸುತ್ತದೆ. ಸೆಲೆನೈಡ್ 633 ನ್ಯಾನೊಮೀಟರಿನಲ್ಲೂ ಪಾರದರ್ಶಕ, ಆದ್ದರಿಂದ ಹಾಯಿಸಿಯೂ ಅಳೆಯಬಹುದು: ಕಿಟಕಿಯನ್ನು ಆಧಾರ ಫಲಕಕ್ಕೂ ಕನ್ನಡಿಗೂ ನಡುವೆ ತುಸು ಓರೆಯಾಗಿಡಿ. ದೋಷ ಬರೀ ದಪ್ಪದ್ದಾದರೆ, ಸೂಚ್ಯಂಕ 633ರಲ್ಲಿ 2.59, 10.6 ಮೈಕ್ರಾನಿನಲ್ಲಿ 2.40 ಆದ್ದರಿಂದ, 633ರ ಒಂದು ತರಂಗದ ದೋಷ 10.6ರಲ್ಲಿ ಸುಮಾರು ಹತ್ತೊಂಬತ್ತರಲ್ಲಿ ಒಂದು ಪಾಲು. ಸೆಲೆನೈಡಿನ ಹತ್ತಿರ ಆಮ್ಲ ತರಬೇಡಿ, ಅದರಿಂದ ಹೊರಡುವ ಹೈಡ್ರೋಜನ್ ಸೆಲೆನೈಡ್ ತೀವ್ರ ವಿಷ.

ಪ್ರಶ್ನೆ: ಅರ್ಧಗೋಲದ ಗುಮ್ಮಟವನ್ನು (ಕ್ಯಾಮೆರಾವನ್ನು ಮುಚ್ಚುವ, ಅವಕೆಂಪು ಬೆಳಕು ಬಿಡುವ ಬಟ್ಟಲು) ಒಂದೇ ಸಲಕ್ಕೆ ಅಳೆಯಲಾಗುವುದೇ?

ಉತ್ತರ: ಇಲ್ಲ. ನಿಮ್ನ ಮೈಯನ್ನು ಅಳೆಯಲು ಗೋಳಾಕಾರದ ಆಧಾರ ಮಸೂರದ ನಾಭಿಯನ್ನು ಗುಮ್ಮಟದ ಕೇಂದ್ರದಲ್ಲಿ ಕೂರಿಸಬೇಕು. ಎಫ್/0.75 (ನಾಭಿದೂರ ವ್ಯಾಸದ ಮುಕ್ಕಾಲು ಪಾಲಿರುವ) ಮಸೂರದಿಂದ ಹೊರಡುವ ಬೆಳಕಿನ ಶಂಕು ಸುಮಾರು 84 ಡಿಗ್ರಿ ಮಾತ್ರ, ಅರ್ಧಗೋಲಕ್ಕೆ ಬೇಕಾದದ್ದು 180. ಆದ್ದರಿಂದ ಗುಮ್ಮಟವನ್ನು ಅದರ ಕೇಂದ್ರದ ಸುತ್ತ ಓರೆ ಮಾಡುತ್ತ, ಪ್ರತಿ ತುಂಡು ಪಕ್ಕದ್ದರ ಮೇಲೆ ಕಾಲು ಭಾಗಕ್ಕಿಂತ ಹೆಚ್ಚು ಹರಡುವಂತೆ ಅಳೆದು, ತುಂಡುಗಳನ್ನು ತಂತ್ರಾಂಶದಲ್ಲಿ ಹೊಲಿಯುತ್ತಾರೆ. ಆಧಾರ ಮಸೂರದ ಸ್ವಂತ ದೋಷ ಪ್ರತಿ ತುಂಡಿನಲ್ಲೂ ಸೇರಿ, ಹೊಲಿದಂತೆಲ್ಲ ಅಂಚಿನತ್ತ ಬೆಳೆಯುತ್ತದೆ. ಮೊದಲೇ ಒಂದು ಒಳ್ಳೆಯ ಗೋಲಿಯನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಹಲವು ಸಲ ಅಳೆದು, ಸರಾಸರಿ ತೆಗೆದು, ಅದನ್ನು ಕಳೆಯಬೇಕು. ತ್ರಿಜ್ಯ ಬೇಕಿದ್ದರೆ ನಾಭಿ ಮೈಯ ಮೇಲೇ ಬೀಳುವ ಸ್ಥಾನದಿಂದ ಕೇಂದ್ರದ ಸ್ಥಾನಕ್ಕೆ ಎಷ್ಟು ಜರುಗಿಸಿದಿರಿ ಎಂದು ಸ್ಕೇಲಿನಲ್ಲಿ ಓದಿ.

ಇಷ್ಟಾದರೂ ಒಂದು ದೋಷ ಇಂಟರ್‌ಫೆರೊಮೀಟರಿಗೆ ಸಿಗುವುದಿಲ್ಲ. ಒಳಮೈ, ಹೊರಮೈ ಎರಡೂ ನಿಖರ ಗೋಳವಾಗಿದ್ದು, ಅವುಗಳ ಕೇಂದ್ರಗಳು ಬೇರೆಬೇರೆ ಕಡೆ ಇರಬಹುದು. 70 ಮಿಲಿಮೀಟರ್ ತ್ರಿಜ್ಯದ ಜಿಂಕ್ ಸಲ್ಫೈಡ್ ಗುಮ್ಮಟದಲ್ಲಿ ಕೇಂದ್ರಗಳು ಅಡ್ಡಕ್ಕೆ 10 ಮೈಕ್ರಾನ್ ಸರಿದಿದ್ದರೆ, ನೇರ ನೋಟ ಸುಮಾರು 35 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಪಕ್ಕಕ್ಕೆ ವಾಲುತ್ತದೆ. ಒಳಗಿನ ಕ್ಯಾಮೆರಾ ತಿರುಗಿದಂತೆ ಈ ವಾಲಿಕೆಯೂ ಬದಲಾಗುವುದರಿಂದ ಒಂದೇ ತಿದ್ದುಪಡಿಯಲ್ಲಿ ಕಳೆಯಲಾಗದು. ಅದನ್ನು ಅಳೆಯಲು ಗುಮ್ಮಟವನ್ನು ತಿರುಗುವ ಮೇಜಿನ ಮೇಲಿಟ್ಟು, ಒಳಗೊಂದು ಹೊರಗೊಂದು ಹಗುರ ಒತ್ತಡದ ಪ್ರೋಬ್ ತಾಗಿಸಿ, ಒಂದು ಸುತ್ತಿನಲ್ಲಿ ಎರಡರ ವ್ಯತ್ಯಾಸ ಓದಿ. ಈ ಕೆಲಸವನ್ನು ಕೊನೆಯ ಪಾಲಿಶ್‌ಗೆ ಮೊದಲೇ ಮುಗಿಸಿ. ಗೀರು ಬಿದ್ದರೂ ಪಾಲಿಶ್‌ನಲ್ಲಿ ತೆಗೆಯಲು ಅವಕಾಶವಿರುತ್ತದೆ.