ಜೆಬೆಲ್ ಅಖ್ದರ್‌ಗೆ ಯಾವ ಗಾಡಿ ಅನ್ನುವುದು ಪ್ರಶ್ನೆಯೇ ಅಲ್ಲ

ಒಮಾನಿನ ಜೆಬೆಲ್ ಅಖ್ದರ್ ಬೆಟ್ಟ ಹತ್ತಲು ಯಾವ ಫೋರ್‌ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಸಿಗುವ ಗಾಡಿ) ಬಾಡಿಗೆಗೆ ತಗೊಳ್ಳಲಿ ಅಂತ ಕೇಳಿದ್ದೀರಿ. ಮಸ್ಕತ್‌ಗೆ ಬಂದ ಹೊಸದರಲ್ಲಿ ನಾನೂ ಇದಕ್ಕೇ ತಲೆ ಕೆಡಿಸಿಕೊಂಡಿದ್ದೆ. ಯಾವುದಾದರೂ ತಗೊಳ್ಳಿ. ಫೋರ್‌ವೀಲ್ ಅಲ್ಲದಿದ್ದರೆ ಬೆಟ್ಟದ ತಪ್ಪಲಿನ ಬಿರ್ಕತ್ ಅಲ್ ಮೌಜ್ ಊರಿನ ಹತ್ತಿರ ಪೊಲೀಸರೇ ವಾಪಸ್ ಕಳಿಸುತ್ತಾರೆ. ಹತ್ತುವುದು ಸುಲಭ. ಇಳಿಯುವುದನ್ನು ಕೇಳಿ.

ಬೆಟ್ಟದ ಮೇಲಿನ ಸೈಕ್ ಊರು ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 30 ಚಿಲ್ಲರೆ ಕಿಲೋಮೀಟರಿನಲ್ಲಿ ಸುಮಾರು 1,300 ಮೀಟರ್ ಇಳಿಯಬೇಕು. ನಾನು ಇಳಿದದ್ದು ಗೇರ್ ಡಿ-ಯಲ್ಲಿ (ಮಾಮೂಲಿ ಓಡಿಸುವ ಗೇರ್), ಕಾಲು ಪೂರ್ತಿ ಬ್ರೇಕ್ ಮೇಲೆ. ಆಟೋಮ್ಯಾಟಿಕ್ ಅಲ್ವಾ, ಅದೇ ನೋಡಿಕೊಳ್ಳುತ್ತದೆ ಅಂದುಕೊಂಡಿದ್ದೆ.

"ಏನೋ ಸುಡ್ತಿದೆ ರೀ" ಅಂದಳು ಹೆಂಡತಿ. ಮುಂದಿನ ಗಾಡಿದಿರಬೇಕು ಅಂದೆ. ಮುಂದೆ ಗಾಡಿಯೇ ಇರಲಿಲ್ಲ. ಎರಡು ತಿರುವು ದಾಟುವಷ್ಟರಲ್ಲಿ ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು.

ಆಗಿದ್ದು ಇಷ್ಟು. ಬಿಡದೆ ಒತ್ತಿದರೆ ಬ್ರೇಕ್ ಪ್ಯಾಡ್ ಬಿಸಿಯಾಗುತ್ತದೆ. ಆ ಬಿಸಿಗೆ ಬ್ರೇಕ್ ಆಯಿಲ್ ಕುದಿದು ಪೈಪಿನಲ್ಲಿ ಗುಳ್ಳೆ ಏಳುತ್ತದೆ. ಆಯಿಲ್ ಒತ್ತಡವನ್ನು ಚಕ್ರಕ್ಕೆ ದಾಟಿಸುತ್ತದೆ, ಗುಳ್ಳೆ ಸುಮ್ನೆ ಕುಗ್ಗುತ್ತದೆ. ನೀವು ಎಷ್ಟು ತುಳಿದರೂ ಅಷ್ಟೇ. ದೊಡ್ಡ ಗಾಡಿ ಅಂದರೆ ಭಾರವೂ ಜಾಸ್ತಿ, ಬ್ರೇಕ್ ಬಿಸಿಯಾಗುವುದೂ ಜಾಸ್ತಿ. ಲೋ ಗೇರ್ ಹಾಕಿದ್ದರೆ ಇಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತಿತ್ತು. ಲೋ ಗೇರ್ ಹಾಕಿ ಅಂತ ದಾರಿಯುದ್ದಕ್ಕೂ ಬೋರ್ಡ್ ಇತ್ತು, ಓದಿದ್ದೆ ಕೂಡ!

ಪುಣ್ಯಕ್ಕೆ, ಬ್ರೇಕ್ ಹೋದವರಿಗೆಂದೇ ಮಾಡಿದ ಏರು ಪಕ್ಕದಲ್ಲೇ ಸಿಕ್ಕಿತು. ನುಗ್ಗಿಸಿದೆ. ಪಿಕಪ್‌ನಲ್ಲಿ ಬಂದ ಒಮಾನಿ ಅಜ್ಜ ಗೇರ್ ನೋಡಿ ಹಣೆ ಚಚ್ಚಿಕೊಂಡರು. ಚಕ್ರಕ್ಕೆ ನೀರು ಸುರಿಯಲು ಹೋದರೆ ಕೈ ಹಿಡಿದು, "ಶ್ವೈ ಶ್ವೈ" (ನಿಧಾನ, ನಿಧಾನ) ಅಂತ ಕೂರಿಸಿದರು.

ಒಂದು ಗಂಟೆ ಕೂತೆವು. ಸುತ್ತ ಬರೀ ಬೋಳು ಸುಣ್ಣಕಲ್ಲು. 1835ರ ಕೊನೆಯಲ್ಲಿ ಬಾಂಬೆಯ ಇಂಡಿಯನ್ ನೇವಿಯ ಲೆಫ್ಟಿನೆಂಟ್ ಜೇಮ್ಸ್ ವೆಲ್‌ಸ್ಟೆಡ್ ಇದೇ ಬೆಟ್ಟ ಹತ್ತಿದ್ದ, ಕತ್ತೆಯ ಮೇಲೆ. ಮೇಲೆ ದ್ರಾಕ್ಷಿ, ದಾಳಿಂಬೆ ತೋಟ ಕಂಡು ಬರೆದಿಟ್ಟ. ಅಲ್ಲಿಂದ ಮುಂದೆ ಅರೇಬಿಯಾದ ಒಳನಾಡಿಗೆ ಹೋಗಬೇಕೆಂದಿದ್ದವನು ಒಮಾನಿನದೇ ಇಬ್ರಿ ಊರಿನಿಂದಲೇ ಹಿಂದಿರುಗಬೇಕಾಯಿತು. ಆದರೆ ಈ ಬೆಟ್ಟವನ್ನಂತೂ ಸುರಕ್ಷಿತವಾಗಿ ಇಳಿದ. ಕತ್ತೆಗೆ ಬ್ರೇಕ್ ಆಯಿಲ್ ಇಲ್ಲ ನೋಡಿ.

ಅಂದ ಹಾಗೆ, ಅಖ್ದರ್ ಅಂದರೆ ಹಸಿರು ಅಂತ ಮಲೆನಾಡು ಹುಡುಕಿಕೊಂಡು ಹೋಗಬೇಡಿ. ಫಲಜ್ ಕಾಲುವೆಯ ನೀರು ಮುಟ್ಟುವ ಮೆಟ್ಟಿಲು ಹೊಲಗಳಲ್ಲಷ್ಟೇ ಹಸಿರು. ಏಪ್ರಿಲ್‌ನಲ್ಲಿ ಹೋದರೆ ಗುಲಾಬಿ ಸಿಗುತ್ತದೆ.

ಬಾಡಿಗೆಗೆ ತಗೊಳ್ಳುವಾಗ ಅಲ್ಲೇ ಕೂತು ಲೋ ಗೇರ್ ಎಲ್ಲಿದೆ ಅಂತ ಹಾಕಿ ನೋಡಿ. ಸನ್‌ರೂಫ್ ಆಮೇಲೆ ನೋಡಿದರಾಯಿತು.